ದಿನಕ್ಕೆ 35 ಕಿಲೋಮೀಟರ್ ಓಡಾಡುವ ಮನೆಗೆ ಎಂಥ ವಿದ್ಯುತ್ ಕಾರು?

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ಸ್ವಂತ ಮನೆ. ನಾವಿಬ್ಬರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ಮಾವನವರು ಇದ್ದೇವೆ. ಶಾಲೆ, ಕಚೇರಿ, ಮಾರುಕಟ್ಟೆ ಎಲ್ಲ ಸೇರಿ ದಿನಕ್ಕೆ ಸುಮಾರು 35 ಕಿ.ಮೀ. ಓಡಾಟವಿದೆ. ಎರಡು ತಿಂಗಳಿಗೊಮ್ಮೆ ಚಿಕ್ಕಮಗಳೂರಿಗೆ ಹೋಗಿ ಬರುತ್ತೇವೆ. ವಿದ್ಯುತ್ ಕಾರು ಕೊಳ್ಳುವುದಾದರೆ ಎಷ್ಟು ರೇಂಜ್ (ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಓಡುವ ದೂರ) ಇರುವುದನ್ನು ನೋಡಬೇಕು?

ಉತ್ತರ: ನಿಮ್ಮ ಮನೆಗೆ 30 ಯೂನಿಟ್ಟಿನ, ಅಂದರೆ 30 ಕಿಲೋವ್ಯಾಟ್ ಅವರ್‌ನ ಆಸುಪಾಸಿನ ಬ್ಯಾಟರಿ ಸಾಕು ಎಂಬುದು ನನ್ನ ಅಭಿಪ್ರಾಯ. ಆದರೆ ರೇಂಜ್ ವಿಚಾರಿಸುವುದಕ್ಕೆ ಮೊದಲು ಕಾರು ರಾತ್ರಿ ನಿಲ್ಲುವ ಜಾಗದಲ್ಲಿ ಪ್ಲಗ್ ಹಾಕಲು ಆಗುತ್ತದೆಯೇ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಪ್ಲಗ್ ಇರುವ ಮನೆಗೆ ಸಣ್ಣ ಬ್ಯಾಟರಿಯೂ ಧಾರಾಳವಾಗುತ್ತದೆ. ಇಲ್ಲದ ಮನೆಗೆ ದೊಡ್ಡ ಬ್ಯಾಟರಿಯೂ ವಾರಕ್ಕೊಮ್ಮೆ ಸಾರ್ವಜನಿಕ ಚಾರ್ಜರ್ ಮುಂದೆ ಕಾಯುವ ಕೆಲಸವನ್ನು ತಪ್ಪಿಸುವುದಿಲ್ಲ.

ಈ ಗಾತ್ರದ ಕಾರು ಊರೊಳಗಿನ ಓಡಾಟದಲ್ಲಿ ಒಂದು ಯೂನಿಟ್ಟಿಗೆ ಸುಮಾರು 7 ಕಿ.ಮೀ. ಹೋಗುತ್ತದೆ ಎಂದಿಟ್ಟುಕೊಂಡರೆ ನಿಮ್ಮ ದಿನದ ಖರ್ಚು 5 ಯೂನಿಟ್. ಮನೆಯ 15 ಆಂಪ್ ಸಾಕೆಟ್ ಗಂಟೆಗೆ ಎರಡೂವರೆಯಿಂದ ಮೂರು ಯೂನಿಟ್ ಕೊಡಬಲ್ಲದಾದ್ದರಿಂದ ರಾತ್ರಿ ಎರಡು ಗಂಟೆಯಲ್ಲಿ ಅಷ್ಟೂ ತುಂಬಿಬಿಡುತ್ತದೆ. ಆದರೆ ಗಂಟೆಗಟ್ಟಲೆ ಇಷ್ಟು ಭಾರ ಎಳೆಯುವ ಸಾಕೆಟ್ಟಿಗೆ ಪ್ರತ್ಯೇಕ ಎಂಸಿಬಿ (ಭಾರ ಮಿತಿಮೀರಿದರೆ ತಾನೇ ಆಫ್ ಆಗುವ ಸ್ವಿಚ್), ದಪ್ಪನೆಯ ತಂತಿ ಮತ್ತು ಸರಿಯಾದ ಅರ್ಥಿಂಗ್ ಇರಲೇಬೇಕು. ಹಳೆಯ ಮನೆಗಳಲ್ಲಿ ಅರ್ಥಿಂಗ್ ಹೆಸರಿಗಷ್ಟೇ ಇರುವುದುಂಟು. ಅಂಥಲ್ಲಿ ಕಾರಿನ ಚಾರ್ಜರ್ ದೋಷ ತೋರಿಸಿ ನಿಂತುಬಿಡುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ಚಾರ್ಜ್ ಮಾಡುವುದು ಬೇಡವೇ ಬೇಡ. ಕಾರು ಬುಕ್ ಮಾಡುವ ಮುನ್ನವೇ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಇದನ್ನೆಲ್ಲ ನೋಡಿಸಿ, ಮನೆಗೆ ಮಂಜೂರಾದ ಲೋಡ್ (ಒಂದೇ ಸಲಕ್ಕೆ ಎಳೆಯಬಹುದಾದ ವಿದ್ಯುತ್ತಿನ ಮಿತಿ) ಸಾಲದಿದ್ದರೆ ಹೆಚ್ಚಿಸಿಕೊಳ್ಳಲು ಅರ್ಜಿ ಕೊಡಿ.

ನಮ್ಮ ರಾಜ್ಯದ ಮನೆಗಳಿಗೆ ಇದರಲ್ಲೇ ಇನ್ನೊಂದು ಲೆಕ್ಕವಿದೆ, ಷೋರೂಮಿನಲ್ಲಿ ಇದನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ತಿಂಗಳಿಗೆ 26 ದಿನವೆಂದರೆ 910 ಕಿ.ಮೀ. ಆಯಿತು, ಚಾರ್ಜಿಂಗಿನಲ್ಲಿ ಸೋರುವುದೂ ಸೇರಿ ಮೀಟರಿನಲ್ಲಿ ಸುಮಾರು 150 ಯೂನಿಟ್ ಏರುತ್ತದೆ. 2023ರಲ್ಲಿ ಬಂದ, ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆಯಲ್ಲಿ ನೀವಿದ್ದು, ಈಗ ಮನೆಯ ಬಳಕೆ 140 ಯೂನಿಟ್ ಇದ್ದರೆ, ಕಾರು ಬಂದ ತಿಂಗಳು ಅದು 290 ಆಗಿ 200ರ ಮಿತಿಯನ್ನು ದಾಟುತ್ತದೆ. ಮಿತಿ ದಾಟಿದರೆ ಹೆಚ್ಚಾದ 90 ಯೂನಿಟ್ಟಿಗಲ್ಲ, ಪೂರ್ತಿ ಬಿಲ್ಲಿಗೇ ಹಣ ಕಟ್ಟಬೇಕು. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ 1,740 ರೂಪಾಯಿ, ನಿಗದಿತ ಶುಲ್ಕ ಬೇರೆ. ವಾಹನ ಚಾರ್ಜಿಂಗಿಗೆ ಪ್ರತ್ಯೇಕ ದರ ವರ್ಗವೇ ಇರುವುದರಿಂದ, ಬೇರೆ ಮೀಟರ್ ಹಾಕಿಸಿಕೊಂಡರೆ ನಿಮಗೆ ಅನುಕೂಲವೇ ಎಂದು ವಿದ್ಯುತ್ ಕಚೇರಿಯಲ್ಲಿ ವಿಚಾರಿಸಿ. ಇಷ್ಟಾದರೂ ಪೆಟ್ರೋಲಿನ ಮುಂದೆ ಇದು ಕಡಿಮೆಯೇ. ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ ಅದೇ ದೂರಕ್ಕೆ 60 ಲೀಟರ್, ಎಂದರೆ ಆರು ಸಾವಿರ ರೂಪಾಯಿಗೂ ಹೆಚ್ಚು ಬೇಕು. ತಿಂಗಳಿಗೆ ನಾಲ್ಕು ಸಾವಿರದಷ್ಟು ಉಳಿದರೂ, ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಮೂರು ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ಕೈಗೆ ಬರಲು ಆರು ವರ್ಷ ಬೇಕು. ದಿನಕ್ಕೆ 15 ಕಿ.ಮೀ. ಮಾತ್ರ ಓಡುವವರಿಗೆ ಹಣದ ದೃಷ್ಟಿಯಿಂದ ನಾನು ವಿದ್ಯುತ್ ಕಾರನ್ನು ಸೂಚಿಸಲಾರೆ.

ಬ್ಯಾಟರಿಯನ್ನು ಬಾಡಿಗೆಗೆ ಕೊಟ್ಟು ಕಾರಿನ ಬೆಲೆ ಇಳಿಸುವ ಯೋಜನೆಗಳನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. 2024ರಲ್ಲಿ ಎಂಜಿ ವಿಂಡ್ಸರ್ ಎಂಬ ವಿದ್ಯುತ್ ಕಾರು ಬಂದಾಗ ಈ ಬಾಡಿಗೆ ಕಿಲೋಮೀಟರಿಗೆ 3.5 ರೂಪಾಯಿ ಇತ್ತು. ಆ ದರದಲ್ಲಿ ನಿಮ್ಮ 910 ಕಿ.ಮೀ.ಗೆ 3,185 ರೂಪಾಯಿ ಆಗುತ್ತದೆ, ಉಳಿತಾಯದ ಬಹುಪಾಲು ಅಲ್ಲಿಗೇ ಹೋಗುತ್ತದೆ.

ಇನ್ನು ಚಿಕ್ಕಮಗಳೂರಿನ ದಾರಿ. ಜಾಹೀರಾತಿನ ರೇಂಜ್ ಪ್ರಯೋಗಾಲಯದಲ್ಲಿ ರೋಲರ್ ಮೇಲೆ ನಿಗದಿತ ವೇಗದಲ್ಲಿ ಓಡಿಸಿ ಪಡೆದದ್ದು. ಐದು ಜನ, ಲಗೇಜು, ಎ.ಸಿ., ಹೆದ್ದಾರಿಯ ವೇಗ ಸೇರಿದಾಗ ಅದರ ಮೂರರಲ್ಲಿ ಎರಡು ಪಾಲನ್ನಷ್ಟೇ ನಂಬುವುದು ಕ್ಷೇಮ. 300 ಎಂದು ಹೇಳಿಕೊಳ್ಳುವ ಕಾರು ನಿಮಗೆ 200 ಕೊಟ್ಟೀತು. ಹಾಸನದ ಮೇಲೆ ಹೋದರೆ ಚಿಕ್ಕಮಗಳೂರು ಸುಮಾರು 180 ಕಿ.ಮೀ., ಜೊತೆಗೆ ದಾರಿ ಏರುತ್ತ ಹೋಗುತ್ತದೆ. ಆದ್ದರಿಂದ ಒಂದು ಸಲ ಫಾಸ್ಟ್ ಚಾರ್ಜ್ ಮಾಡುವುದು ಖಚಿತವೆಂದೇ ಹೊರಡಬೇಕು. ಶೇ. 80 ಆದ ಮೇಲೆ ಚಾರ್ಜಿಂಗ್ ತೀರಾ ನಿಧಾನವಾಗುವುದರಿಂದ ಅಷ್ಟಕ್ಕೇ ಕಿತ್ತುಕೊಂಡು ಹೊರಡುವುದು ಜಾಣತನ. ಹಾಸನದಲ್ಲಿ ತಿಂಡಿ ತಿನ್ನುವಷ್ಟು ಹೊತ್ತಿನಲ್ಲಿ ಆಗುವ ಈ ಕೆಲಸಕ್ಕಾಗಿ, ವರ್ಷಕ್ಕೆ ಆರೇ ಸಲದ ಪ್ರಯಾಣಕ್ಕಾಗಿ, ಲಕ್ಷಗಟ್ಟಲೆ ಹೆಚ್ಚು ಕೊಟ್ಟು ದೊಡ್ಡ ಬ್ಯಾಟರಿ ಕೊಳ್ಳುವುದು ಅನಗತ್ಯ. ದಾರಿಯ ಚಾರ್ಜರ್ ಕೆಟ್ಟಿರುವ ಸಂಭವ ಇದ್ದೇ ಇರುವುದರಿಂದ ಹಿಂದಿನ ರಾತ್ರಿ ಎರಡು ಜಾಗಗಳನ್ನು ಆ್ಯಪ್‌ನಲ್ಲಿ ನೋಡಿಟ್ಟುಕೊಳ್ಳಿ.

ವಾರಂಟಿಯ ವಿಷಯದಲ್ಲಿ, ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ಎಂಬುದು ಸಾಮಾನ್ಯವಾಗಿ ಸಿಗುವ ಮಾತು. ಬ್ಯಾಟರಿಯ ಸಾಮರ್ಥ್ಯ ಎಷ್ಟಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ ಎಂಬ ಸಾಲನ್ನು ಓದಿಯೇ ಸಹಿ ಹಾಕಿ.

ಟೆಸ್ಟ್ ಡ್ರೈವಿಗೆ ಮಾವನವರನ್ನು ತಪ್ಪದೆ ಕರೆದುಕೊಂಡು ಹೋಗಿ. ಬ್ಯಾಟರಿ ನೆಲದಡಿ ಇರುವುದರಿಂದ ಕೆಲವು ಕಾರುಗಳ ಹಿಂದಿನ ಸೀಟಿನಲ್ಲಿ ಕಾಲಿಡುವ ಜಾಗ ಮೇಲೆದ್ದಿದ್ದು, ಕೂತವರ ಮೊಣಕಾಲು ಎದೆಯ ಕಡೆಗೆ ಬರುತ್ತದೆ. ಅರ್ಧ ಗಂಟೆಯಲ್ಲಿ ವಯಸ್ಸಾದವರ ಸೊಂಟ ಹಿಡಿದುಕೊಳ್ಳುತ್ತದೆ. ಅವರನ್ನು ಹಿಂದೆ, ಮಕ್ಕಳ ಪಕ್ಕದಲ್ಲಿ ಕೂರಿಸಿ, ರಿಂಗ್ ರಸ್ತೆಯಲ್ಲಿ ಅಷ್ಟು ಹೊತ್ತು ಓಡಿಸಿ ನೋಡಿ. ಇಳಿಯುವಾಗ ಅವರು ಬಾಗಿಲು ಹಿಡಿದು ತಡವರಿಸಿದರೆ, ಬೇರೆಲ್ಲ ಲೆಕ್ಕ ಸರಿಬಂದಿದ್ದರೂ ಆ ಕಾರನ್ನು ಬಿಟ್ಟು ಇನ್ನೊಂದನ್ನು ನೋಡಿ.