ಬಂದದ್ದು ಯಾಕೆ ಎಂಬ ಕಾಲಂ

ವಿದೇಶಿಯರು ಭಾರತಕ್ಕೆ ಬರುವಾಗ ತುಂಬಿಸುವ ಕಾರ್ಡಿನಲ್ಲಿ ‘ಭೇಟಿಯ ಉದ್ದೇಶ’ ಎಂಬ ಕಾಲಂ ಇದೆ. ಬಂದವರಿಗೆ ಹತ್ತು ಕಾರಣಗಳಿರಬಹುದು, ಕಾಲಂಗೆ ಒಂದೇ ಸಾಕು.

ಹಿಂದೆ ಇದನ್ನು ಕೇಳಬೇಕಾಗಿರಲಿಲ್ಲ, ಹಡಗಿನ ಸರಕೇ ಹೇಳುತ್ತಿತ್ತು. ಹದಿನಾರನೆಯ ಶತಮಾನದ ಆರಂಭದಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆಯನ್ನು ಕಂಡ ಪೋರ್ಚುಗೀಸ ದುವಾರ್ತೆ ಬಾರ್ಬೋಸಾ, ಇಲ್ಲಿಂದ ಅಕ್ಕಿ ಮಾಲ್ದೀವ್ಸಿಗೆ ಹೋಗಿ ತೆಂಗಿನ ನಾರು ಬರುತ್ತಿದ್ದುದನ್ನು ಬರೆದಿದ್ದಾನೆ. 1931ರಲ್ಲಿ ಕಾಞಂಗಾಡಿನಲ್ಲಿ ಸ್ವಾಮಿ ರಾಮದಾಸರ ಆನಂದಾಶ್ರಮ ಶುರುವಾದ ಮೇಲೆ ರಾಮನಾಮಕ್ಕಾಗಿ ಕಡಲು ದಾಟಿ ಬರುವವರೂ ಕಾಣಿಸಿಕೊಂಡರು. ದಿನವಿಡೀ ಜಪಕ್ಕೆ ಕೂರುವುದನ್ನು ಆ ಕಾಲಂನಲ್ಲಿ ‘ವಿರಾಮ’ (ಅಂದರೆ ರಜೆ, ಮೋಜು) ಎನ್ನಬೇಕೋ ಬೇಡವೋ, ನನಗಂತೂ ತಿಳಿಯದು.

1992ರಲ್ಲಿ ಕೇಂದ್ರ ಸರಕಾರ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಿತು. ಕೆಳದಿಯ ಶಿವಪ್ಪ ನಾಯಕನ ಕೋಟೆ, ಕಾಲಬುಡದಲ್ಲಿ ಕಡಲು: ಬರಲು ಕಾರಣವನ್ನು ನಾವೇ ಸಿದ್ಧಮಾಡಿಟ್ಟೆವು. ದೊಡ್ಡ ಹೋಟೆಲುಗಳು ಏಳಲು ಮಾತ್ರ ಸುಮಾರು ಎರಡು ದಶಕ ಹಿಡಿಯಿತು.

ಆದರೆ ಕಾಸರಗೋಡಿನಲ್ಲಿ ‘ಹೊರದೇಶದಿಂದ ಬಂದವರು’ ಎಂದರೆ ಮೊದಲು ನೆನಪಾಗುವುದು ಗಲ್ಫಿನವರು. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ಅದರ ಮೇಲೆ ದಪ್ಪಕ್ಷರದಲ್ಲಿ ಹೆಸರು, ಊರು. ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟ್ ಆದ್ದರಿಂದ ವಿದೇಶಿ ಪ್ರವಾಸಿಗರ ಲೆಕ್ಕಕ್ಕೆ ಇವರು ಸೇರುವುದಿಲ್ಲ. 2014ರಿಂದಷ್ಟೇ ಅನಿವಾಸಿ ಭಾರತೀಯರನ್ನೂ ಕೂಡಿಸಿ ‘ಅಂತರರಾಷ್ಟ್ರೀಯ ಪ್ರವಾಸಿಗರು’ ಎಂಬ ಒಟ್ಟು ಸಂಖ್ಯೆ ಕೊಡತೊಡಗಿದರು. 2019ರಲ್ಲಿ ವಿದೇಶಿಯರು ಸುಮಾರು 1.09 ಕೋಟಿ, ಅನಿವಾಸಿಗಳು ಸುಮಾರು 70 ಲಕ್ಷ. ಸಣ್ಣ ಸಂಖ್ಯೆಯೇನಲ್ಲ.

ವಿದೇಶಿ ಪಾಸ್‌ಪೋರ್ಟಿನವರಲ್ಲೂ ಕಾರಣಗಳ ಪಾಲು ಬದಲಾಗಿದೆ. 2019ರಲ್ಲಿ ಶೇ. 57ರಷ್ಟು ಮಂದಿ ವಿರಾಮಕ್ಕೆ ಬಂದವರು, ಭಾರತೀಯ ಮೂಲದವರು (ಲೆಕ್ಕದಲ್ಲಿ ಇದೂ ಒಂದು ಕಾರಣವೇ) ಶೇ. 13ರ ಆಸುಪಾಸು. 2023ಕ್ಕೆ ಇದು ಕ್ರಮವಾಗಿ ಶೇ. 46 ಮತ್ತು 27 ಆಯಿತು. ತವರಿನ ಸೆಳೆತ ಒಮ್ಮೆಲೇ ಹೆಚ್ಚಿತೆಂದು ಹೇಳಲು ನಾನು ಹಿಂಜರಿಯುತ್ತೇನೆ. ಕೋವಿಡ್‌ನಲ್ಲಿ ಪ್ರವಾಸಿ ವೀಸಾ 2021ರ ಅಕ್ಟೋಬರ್ ತನಕ ನಿಂತೇ ಇತ್ತು. ಬಂಧುಗಳಿದ್ದವರಿಗೆ ಬಾಗಿಲು ಮೊದಲು ತೆರೆಯಿತು. ಮೋಜಿಗೆ ಬರುವವರು ಬೇರೆ ದೇಶ ಹುಡುಕಿಕೊಳ್ಳಬಹುದು, ಅಜ್ಜಿ ಇರುವ ಊರಿಗೆ ಬದಲಿ ಎಲ್ಲಿದೆ?

ಚಿಕಿತ್ಸೆಗೆಂದೇ ಬರುವವರದು ಇನ್ನೊಂದು ಗುಂಪು. ಅವರಲ್ಲಿ ಬಾಂಗ್ಲಾದೇಶದವರು ಹೆಚ್ಚು. (ನಾವೂ ತಲಪಾಡಿಯ ಗಡಿ ದಾಟಿ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುವವರೇ. ಅದನ್ನು ಪ್ರವಾಸವೆಂದು ಯಾರೂ ಬರೆದುಕೊಳ್ಳುವುದಿಲ್ಲ.)

ಈಗ ಉಪ್ಪಳದ ಒಂದು ಮನೆಯ ಮದುವೆಯನ್ನು ಊಹಿಸಿಕೊಳ್ಳಿ. ಲಂಡನ್ನಿನ ಅಣ್ಣನಿಗೆ ಬ್ರಿಟಿಷ್ ಪಾಸ್‌ಪೋರ್ಟ್, ದುಬೈಯ ತಮ್ಮನಿಗೆ ನಮ್ಮದೇ. ದುಬೈಯಲ್ಲಿ ಜೊತೆಯಾಗಿ ಒಂದೇ ವಿಮಾನದಲ್ಲಿ ಬರುತ್ತಾರೆ, ಮದುವೆ ಮುಗಿಸುತ್ತಾರೆ, ನಡುವೆ ಹಲ್ಲು ತೋರಿಸಿಕೊಳ್ಳುತ್ತಾರೆ, ಮಕ್ಕಳನ್ನು ಬೇಕಲಕ್ಕೆ ಕರೆದೊಯ್ಯುತ್ತಾರೆ. ಪಟ್ಟಿಯಲ್ಲಿ ಅಣ್ಣ ವಿದೇಶಿ ಪ್ರವಾಸಿಗ, ತಮ್ಮ ಅನಿವಾಸಿ. ಹಲ್ಲು, ಬೇಕಲ ಎರಡೂ ಯಾವ ಪಟ್ಟಿಯಲ್ಲೂ ಇಲ್ಲ.