ಥೈರಾಯ್ಡೆಕ್ಟಮಿ: ಗಳಗಂಡದ ಆಪರೇಷನ್ ಮತ್ತು ಆಮೇಲಿನ ಬದುಕು

ಕುತ್ತಿಗೆಯ ಮುಂಭಾಗದಲ್ಲಿ ಶ್ವಾಸನಾಳಕ್ಕೆ ಅಂಟಿಕೊಂಡಿರುವ ಥೈರಾಯ್ಡ್ ಗ್ರಂಥಿ ಊದಿಕೊಂಡರೆ ಅದು ಗಳಗಂಡ. ಆ ಗ್ರಂಥಿಯನ್ನು ಪೂರ್ತಿಯಾಗಿಯೋ ಅರ್ಧವೋ ತೆಗೆದುಹಾಕುವ ಶಸ್ತ್ರಚಿಕಿತ್ಸೆಯೇ ಥೈರಾಯ್ಡೆಕ್ಟಮಿ. ಗಳಗಂಡ ಇದ್ದವರಿಗೆಲ್ಲ ಇದು ಬೇಕಿಲ್ಲ. ಎಷ್ಟೋ ಗಂಟುಗಳನ್ನು ಸ್ಕ್ಯಾನ್ ಮಾಡಿ, ಸೂಜಿಯಿಂದ ಕೋಶ ತೆಗೆದು ಪರೀಕ್ಷೆ ಮಾಡಿ, ಆಗಾಗ ನೋಡಿಕೊಳ್ಳುತ್ತಿದ್ದರೆ ಸಾಕು. ಉಸಿರಾಟಕ್ಕೋ ನುಂಗುವುದಕ್ಕೋ ತೊಡಕಾದಾಗ, ಊತ ಎದೆಗೂಡಿನೊಳಗೆ ಇಳಿದಾಗ, ಕ್ಯಾನ್ಸರ್ ಅನುಮಾನ ಬಂದಾಗ, ಗ್ರಂಥಿ ಸ್ರವಿಸುವ ಹಾರ್ಮೋನಿನ ಅತಿರೇಕ ಮಾತ್ರೆಗೆ ಬಗ್ಗದಿದ್ದಾಗ ಆಪರೇಷನ್ ಮಾತು ಬರುತ್ತದೆ.

ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಸರ್ಜನ್‌ಗಳು ಇದಕ್ಕೆ ಕೈ ಹಾಕಲು ಹೆದರುತ್ತಿದ್ದರು. ರೋಗಿ ರಕ್ತಸ್ರಾವದಿಂದಲೋ ಸೋಂಕಿನಿಂದಲೋ ಸಾಯುವುದು ಸಾಮಾನ್ಯವಾಗಿತ್ತು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೋಡರ್ ಕೋಕರ್ ರಕ್ತನಾಳಗಳನ್ನು ಒಂದೊಂದಾಗಿ ಹಿಡಿದು ಕಟ್ಟುತ್ತ, ನಿಧಾನವಾಗಿ, ಶುಚಿಯಾಗಿ ಕೆಲಸ ಮಾಡಿ ಆ ಭಯವನ್ನು ತಗ್ಗಿಸಿದರು. ಆದರೆ ತಮ್ಮ ಹಳೆಯ ರೋಗಿಗಳನ್ನು ಮತ್ತೆ ಕರೆಸಿ ನೋಡಿದಾಗ, ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡವರಲ್ಲಿ ಬಹುತೇಕರು ಊದಿಕೊಂಡು, ಮಂಕಾಗಿ, ಚಳಿ ತಡೆಯಲಾರದೆ ಬದುಕುತ್ತಿದ್ದರು. ಆಪರೇಷನ್ ಗೆದ್ದಿತ್ತು, ರೋಗಿ ಸೋತಿದ್ದ. ಕೋಕರ್ ಇದನ್ನು ಮುಚ್ಚಿಡದೆ 1883ರಲ್ಲಿ ವರದಿ ಮಾಡಿದರು. ಥೈರಾಯ್ಡ್ ಇಲ್ಲದೆ ದೇಹ ನಡೆಯದು ಎಂಬ ಅರಿವು ಗಟ್ಟಿಯಾಗಲು ಅದೇ ದೊಡ್ಡ ಕಾರಣ. 1909ರಲ್ಲಿ ಅವರಿಗೆ ನೊಬೆಲ್ ಬಂತು. ನನ್ನ ಮಟ್ಟಿಗೆ, ಅವರ ಕತ್ತರಿಯ ಚಳಕಕ್ಕಿಂತ ರೋಗಿಗಳನ್ನು ವಾಪಸ್ ಕರೆಸಿ ನೋಡಿದ್ದೇ ದೊಡ್ಡ ಕೆಲಸ.

1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ಸಾರವನ್ನು ಚುಚ್ಚಿ ಥೈರಾಯ್ಡ್ ಹಾರ್ಮೋನ್ ಕೊರತೆಯ ರೋಗಿಯನ್ನು ಸುಧಾರಿಸಿ ತೋರಿಸಿದರು. ಈಗ ಆ ಜಾಗದಲ್ಲಿ ಅದೇ ಹಾರ್ಮೋನಿನ ಕೃತಕ ರೂಪವಾದ ಲಿವೊಥೈರಾಕ್ಸಿನ್ ಮಾತ್ರೆಯಿದೆ.

ಗ್ರಂಥಿಯ ಆಸುಪಾಸು ಇಕ್ಕಟ್ಟಿನದು. ಅದರ ಹಿಂಬದಿಗೆ ಧ್ವನಿಪೆಟ್ಟಿಗೆಗೆ ಹೋಗುವ ನರಗಳು, ಎಡಕ್ಕೊಂದು ಬಲಕ್ಕೊಂದು, ನೂಲಿನಷ್ಟು ತೆಳ್ಳಗೆ ಹಾದುಹೋಗುತ್ತವೆ. ಒಂದಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ. ಎರಡಕ್ಕೂ ಆದರೆ ಉಸಿರೇ ಕಟ್ಟಬಹುದು. ಕೆಲವು ವಾರ ದನಿ ಗೊಗ್ಗರಾಗಿದ್ದು ಸರಿಹೋಗುವುದು ಸಾಮಾನ್ಯ. ಅನುಭವಿ ಸರ್ಜನ್‌ಗಳ ಕೈಯಲ್ಲಿ ಶಾಶ್ವತ ಹಾನಿ ನೂರಕ್ಕೆ ಒಬ್ಬರ ಆಸುಪಾಸಿಗೆ ನಿಲ್ಲುತ್ತದೆ. ಅಲ್ಲೇ ಅಕ್ಕಿಕಾಳಿನ ಗಾತ್ರದ ಪ್ಯಾರಾಥೈರಾಯ್ಡ್ ಗ್ರಂಥಿಗಳೂ ಇವೆ, ಸಾಮಾನ್ಯವಾಗಿ ನಾಲ್ಕು. ರಕ್ತದ ಕ್ಯಾಲ್ಸಿಯಂ ಮಟ್ಟ ಕಾಯುವುದು ಅವೇ. ಅವುಗಳ ರಕ್ತಪೂರೈಕೆ ಕೆಟ್ಟರೆ ಮರುದಿನವೋ ಮೂರನೆಯ ದಿನವೋ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಶುರುವಾಗುತ್ತದೆ, ಕೈ ಸೆಟೆಯುತ್ತದೆ. ಇದನ್ನು ಸುಸ್ತೆಂದು ತಳ್ಳಿಹಾಕದೆ ತಕ್ಷಣ ಹೇಳಬೇಕು. ಹೆಚ್ಚಿನವರಲ್ಲಿ ಇದು ತಾತ್ಕಾಲಿಕ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿಗೆ ಇಳಿಯುತ್ತದೆ. ಮೊದಲ 24 ಗಂಟೆಯಲ್ಲಿ ಕುತ್ತಿಗೆ ಬಿಗಿದು ಊದುತ್ತ ಉಸಿರಾಟ ಕಷ್ಟವಾದರೆ ಮಾತ್ರ ಕಾಯುವಂತಿಲ್ಲ: ಅದು ಒಳಗಿನ ರಕ್ತಸ್ರಾವ, ಅಪರೂಪ, ಆದರೆ ಜೀವಕ್ಕೆ ಅಪಾಯ.

ಎಷ್ಟು ತೆಗೆಯಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಒಂದು ಬದಿಯ ಹಾಲೆಯನ್ನಷ್ಟೇ ತೆಗೆದರೆ ಉಳಿದದ್ದು ಸಾಮಾನ್ಯವಾಗಿ ಸಂಭಾಳಿಸುತ್ತದೆ; ಸುಮಾರು ಐವರಲ್ಲಿ ಒಬ್ಬರಿಗೆ ಹಾರ್ಮೋನ್ ಕಡಿಮೆಯಾಗಬಹುದು. ಎರಡೂ ಬದಿ ಗಂಟುಗಳಿದ್ದು ಸ್ವಲ್ಪ ಭಾಗ ಉಳಿಸಿದರೆ ವರ್ಷಗಳ ನಂತರ ಗಳಗಂಡ ಮರಳಬಹುದು. ಮತ್ತೆ ಕೊಯ್ಯುವಾಗ ಕಲೆಗಟ್ಟಿದ ಅಂಗಾಂಶದಲ್ಲಿ ನರ ಹುಡುಕುವುದು ಇನ್ನೂ ಕಷ್ಟ. ಹಾಗಾಗಿ ಅಂಥವರಲ್ಲಿ ಪೂರ್ತಿ ತೆಗೆಯುವುದೇ ಈಗ ಹೆಚ್ಚು ರೂಢಿ.

ಪೂರ್ತಿ ತೆಗೆಸಿಕೊಂಡವರಿಗೆ ಲಿವೊಥೈರಾಕ್ಸಿನ್ ಮಾತ್ರೆ ಜೀವನಪೂರ್ತಿ. ಮೊದಲ ಡೋಸ್ ತೂಕದ ಲೆಕ್ಕದಲ್ಲಿ, ಕಿಲೋಗೆ ದಿನಕ್ಕೆ ಸುಮಾರು 1.6 ಮೈಕ್ರೋಗ್ರಾಂ; ಆರರಿಂದ ಎಂಟು ವಾರಕ್ಕೆ ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನ್) ನೋಡಿ ಸರಿಹೊಂದಿಸುತ್ತಾರೆ. ಗರ್ಭಿಣಿಯರಿಗೆ ಡೋಸ್ ಏರಿಸಬೇಕಾಗುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿ, ಕ್ಯಾಲ್ಸಿಯಂ ಮಾತ್ರೆಗೆ ಕನಿಷ್ಠ ನಾಲ್ಕು ಗಂಟೆ ಅಂತರ ಕೊಡಿ. ಎರಡೂ ಒಟ್ಟಿಗೆ ಹೋದರೆ ದೇಹ ಹಾರ್ಮೋನನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ.