ಒಂದು ಡ್ರೈಯರ್‌ಗೆ ಕಟ್ಟಿದ ಟ್ರೇಸ್ ನಾಲ್ಕಕ್ಕೂ ಸಾಕು

ಕೊಯ್ಲಿನ ತಿಂಗಳುಗಳಲ್ಲಿ ಕೊಡಗಿನ ಕಾಫಿ ಡ್ರೈಯರ್‌ಗಳಿಗೆ ಬಿಡುವೇ ಇಲ್ಲ. ಬ್ಲೋವರ್ ನಿಂತುಹೋದರೆ ಡ್ರಮ್ಮಿನೊಳಗಿನ ಒದ್ದೆ ಪಾರ್ಚ್‌ಮೆಂಟ್ (ಹೊರಸಿಪ್ಪೆ ಸುಲಿದ ಕಾಫಿ ಬೀಜ) ನಮಗಾಗಿ ಕಾಯುವುದಿಲ್ಲ, ವಾಸನೆ ಹಿಡಿಯುತ್ತದೆ. ಪರದೆಯ ಮೇಲೆ ಬರುವುದು ‘ಬ್ಲೋವರ್ ಟ್ರಿಪ್’ ಎಂಬ ಒಂದೇ ಸಾಲು. ಬೇರಿಂಗ್ ಬಿಗಿದು ಓವರ್‌ಲೋಡ್ ಆಯಿತೋ, ತೋಟದ ತುದಿಯ ಲೈನಿನಲ್ಲಿ ವೋಲ್ಟೇಜ್ ಕುಸಿದು ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್ಚಾದ ಕಂಟ್ಯಾಕ್ಟರ್ ಬಿಟ್ಟುಕೊಂಡಿತೋ, ಅದು ತಿಳಿಯಬೇಕಾದರೆ ಟ್ರಿಪ್‌ಗೆ ಮುಂಚಿನ ಮೂರು ನಾಲ್ಕು ಸೆಕೆಂಡು ಬೇಕು. ಯಂತ್ರವನ್ನು ನಡೆಸುವ ಕಂಟ್ರೋಲರ್ ಪಿಎಲ್‌ಸಿ; ಆಯ್ದ ಸಿಗ್ನಲ್‌ಗಳನ್ನು ಗ್ರಾಫಿನಂತೆ ದಾಖಲಿಸುವ ಅದರ ಟ್ರೇಸ್ ಇರುವುದೇ ಇದಕ್ಕೆ.

ಐದು ಸಿಗ್ನಲ್ ಸಾಕು: ಸ್ಟಾರ್ಟ್ ಆದೇಶ, ಕಂಟ್ಯಾಕ್ಟರ್ ಫೀಡ್‌ಬ್ಯಾಕ್ (ಅದು ಎಳೆದುಕೊಂಡಿದೆ ಎಂಬ ಸಂಕೇತ), ಓವರ್‌ಲೋಡ್ ರಿಲೇ, ಮೋಟಾರ್ ಕರೆಂಟ್, ಕಂಟ್ರೋಲ್ ವೋಲ್ಟೇಜ್. 10 ಮಿಲಿಸೆಕೆಂಡ್‌ಗೊಂದು ಸ್ಯಾಂಪಲ್, ಒಟ್ಟು 500. ಟ್ರಿಗರ್ (ದಾಖಲೆ ಹಿಡಿದಿಡಲು ಸೂಚಿಸುವ ಘಟನೆ) ಆದ ಮೇಲೆ 100. ಆಗ ಮುಂಚಿನ 4 ಸೆಕೆಂಡು ಕೈಗೆ ಸಿಗುತ್ತದೆ. ಫೀಡ್‌ಬ್ಯಾಕ್ ಬೀಳುವುದನ್ನೇ ಟ್ರಿಗರ್ ಮಾಡಿದರೆ ಆಪರೇಟರ್ ಸ್ಟಾಪ್ ಒತ್ತಿದಾಗಲೂ ದಾಖಲೆ ತುಂಬಿಬಿಡುತ್ತದೆ. ‘ಆದೇಶ ಇದೆ, ಫೀಡ್‌ಬ್ಯಾಕ್ ಇಲ್ಲ’ ಎನ್ನುವ ಬೂಲ್ (ಹೌದು/ಇಲ್ಲ ಎನ್ನುವ ವೇರಿಯಬಲ್) ಒಂದನ್ನು ಪ್ರೋಗ್ರಾಂನಲ್ಲೇ ಬರೆದು, ಕಂಟ್ಯಾಕ್ಟರ್ ಎಳೆದುಕೊಳ್ಳುವಷ್ಟು ಹೊತ್ತು ತಡೆ ಕೊಟ್ಟು, ಅದರ ಏರುವ ಅಂಚಿಗೆ, ಅಂದರೆ ‘ಇಲ್ಲ’ ಎಂಬುದು ‘ಹೌದು’ ಆಗುವ ಕ್ಷಣಕ್ಕೆ, ಟ್ರಿಗರ್ ಇಡಿ. ಕಂಟ್ಯಾಕ್ಟರಿನ 230 ವೋಲ್ಟ್ ಎಸಿ ಕಾಯಿಲ್ 85 ಶೇಕಡಾ, ಅಂದರೆ ಸುಮಾರು 196 ವೋಲ್ಟ್ ಇದ್ದರೆ ಎಳೆಯಲೇಬೇಕು. 75 ಶೇಕಡಾಕ್ಕಿಂತ, ಅಂದರೆ 172ಕ್ಕಿಂತ ಇಳಿದರೆ ಯಾವಾಗ ಬೇಕಾದರೂ ಬಿಡಬಹುದು. ಒಂದು ಎಚ್ಚರ: ವೋಲ್ಟೇಜ್ ಅಳೆದು ಪಿಎಲ್‌ಸಿಗೆ ಕೊಡುವ ಟ್ರಾನ್ಸ್‌ಡ್ಯೂಸರ್ ನಿಧಾನದ್ದಾಗಿದ್ದರೆ 40 ಮಿಲಿಸೆಕೆಂಡಿನ ಕುಸಿತ ಗ್ರಾಫಿನಲ್ಲಿ ಕಾಣುವುದೇ ಇಲ್ಲ. ಗೆರೆ ನೆಟ್ಟಗಿದೆ ಎಂದು ಲೈನ್ ಚೆನ್ನಾಗಿದೆ ಎನ್ನಬೇಡಿ.

ಇಷ್ಟನ್ನು ಪ್ರತಿ ಯಂತ್ರಕ್ಕೂ ಮೌಸ್ ಹಿಡಿದು ಮತ್ತೆ ಕಟ್ಟುವುದು ದಂಡದ ಕೆಲಸ. ಪಿಎಲ್‌ಸಿ ಪ್ರೋಗ್ರಾಂ ಬರೆಯುವ ಕೋಡೆಸಿಸ್ ಸಾಫ್ಟ್‌ವೇರ್‌ನಲ್ಲಿ ಟ್ರೇಸ್ ಆಬ್ಜೆಕ್ಟನ್ನು ಆರಿಸಿ ಪ್ರಾಜೆಕ್ಟ್ ಮೆನುವಿನಿಂದ ಎಕ್ಸ್‌ಪೋರ್ಟ್ ಮಾಡಿದರೆ ಪಠ್ಯವಾಗಿ ತೆರೆದು ತಿದ್ದಬಹುದಾದ ಎಕ್ಸ್‌ಎಂಎಲ್ ಫೈಲ್ ಬರುತ್ತದೆ. ಸೀಮೆನ್ಸ್‌ನ ಇಂಥದ್ದೇ ಸಾಫ್ಟ್‌ವೇರ್ ಟಿಐಎ ಪೋರ್ಟಲ್‌ನಲ್ಲಿ ಟ್ರೇಸ್ ಕಾನ್ಫಿಗರೇಶನ್‌ಗೂ ಅಳತೆಗೂ ಬೇರೆಬೇರೆ ಎಕ್ಸ್‌ಪೋರ್ಟ್ ಇದೆ. ಸಿಎಸ್‌ವಿ ಎಕ್ಸೆಲ್‌ನಲ್ಲಿ ಅಂಕಿ ನೋಡುವುದಕ್ಕಷ್ಟೇ. ಅದರಿಂದ ಟ್ರಿಗರ್ ಮರಳಿ ಬರುತ್ತದೆಂದು ಹಲವರು ನಂಬಿ ಕೆಡುತ್ತಾರೆ.

ಮರುಬಳಕೆ ಸಲೀಸಾಗುವುದು ಹೆಸರುಗಳು ಶಿಸ್ತಾಗಿದ್ದರೆ ಮಾತ್ರ. ಎಲ್ಲ ಡ್ರೈಯರ್‌ಗೂ ಒಂದೇ ಫಂಕ್ಷನ್ ಬ್ಲಾಕ್ (ಮರುಬಳಸುವ ಪ್ರೋಗ್ರಾಂ ತುಣುಕು), ಒಂದೊಂದು ಯಂತ್ರಕ್ಕೆ ಅದರ ಪ್ರತಿಗಳಾದ ಇನ್‌ಸ್ಟನ್ಸ್‌ಗಳು ಡ್ರೈಯರ್1, ಡ್ರೈಯರ್2 ಎಂದಿದ್ದರೆ, ಎಕ್ಸ್‌ಎಂಎಲ್‌ನ ಪ್ರತಿಯಲ್ಲಿ ಹುಡುಕಿ ಬದಲಿಸಿದರೆ ಆಯಿತು. ಹುಡುಕುವಾಗ ‘ಡ್ರೈಯರ್1.’ ಎಂದು ಚುಕ್ಕಿ ಸೇರಿಸಿ. ಇಲ್ಲದಿದ್ದರೆ ಡ್ರೈಯರ್10 ಸದ್ದಿಲ್ಲದೆ ಡ್ರೈಯರ್20 ಆಗುತ್ತದೆ. ಒಂದು ಸುತ್ತಿನಾಚೆ ಮೌಲ್ಯ ಉಳಿಸಿಕೊಳ್ಳದ ಟೆಂಪ್ ವೇರಿಯಬಲ್‌ಗಳನ್ನು ಟ್ರೇಸ್‌ಗೆ ಹಾಕುವಂತಿಲ್ಲ. ಬೇಕಿದ್ದರೆ ಮೌಲ್ಯ ಉಳಿಸಿಕೊಳ್ಳುವ ಸ್ಟ್ಯಾಟಿಕ್ ವೇರಿಯಬಲ್‌ಗೆ ಪ್ರತಿ ಮಾಡಿಕೊಳ್ಳಿ.

ಹೆಸರು ತಪ್ಪಿದರೆ ಸಾಫ್ಟ್‌ವೇರೇ ಕೂಗುತ್ತದೆ. ಕೂಗದ ತಪ್ಪುಗಳೇ ಅಪಾಯ. ಹಳೆಯ ಪ್ರಾಜೆಕ್ಟ್‌ನ ಟಾಸ್ಕ್ (ಪ್ರೋಗ್ರಾಂ ಓಡುವ ಸುತ್ತು) 10 ಮಿಲಿಸೆಕೆಂಡಿನದು, ಹೊಸದರದು 20 ಎಂದಿಟ್ಟುಕೊಳ್ಳಿ: ಅದೇ 500 ಸ್ಯಾಂಪಲ್ ಈಗ 10 ಸೆಕೆಂಡು ಹಿಡಿಯುತ್ತದೆ, ಆದರೆ ಎರಡರಷ್ಟು ಒರಟಾಗಿ. ಸೀಮೆನ್ಸ್‌ನಲ್ಲಿ ಮುಖ್ಯ ಪ್ರೋಗ್ರಾಂ ಸುತ್ತಾದ ಓಬಿ1ಕ್ಕೆ ಕಟ್ಟಿದರೆ ಸ್ಯಾಂಪಲ್‌ಗಳ ಅಂತರವೇ ಏರುಪೇರು. ನಿಗದಿತ ಅಂತರದಲ್ಲಿ ಓಡುವ ಓಬಿ30ರಂಥ ಸೈಕ್ಲಿಕ್ ಇಂಟರಪ್ಟ್ ಒಳ್ಳೆಯದು. ಕರೆಂಟ್ ಮಟ್ಟಕ್ಕೆ ಟ್ರಿಗರ್ ಇಟ್ಟವರು ಇನ್ನೊಂದನ್ನೂ ನೋಡಬೇಕು: 7.5 ಕಿಲೋವ್ಯಾಟ್ ಮೋಟಾರಿಗೆ 20 ಆಂಪಿಯರ್ ಎಂದರೆ ಓವರ್‌ಲೋಡ್, 15 ಕಿಲೋವ್ಯಾಟ್ ಮೋಟಾರ್ ಅರೆಬರೆ ಹೊರೆಯಲ್ಲೂ ಅಷ್ಟು ಎಳೆಯುತ್ತದೆ. ಕರೆಂಟ್ ಅಳೆಯುವ ಸಿಟಿಯ (ಕರೆಂಟ್ ಟ್ರಾನ್ಸ್‌ಫಾರ್ಮರ್) ಅನುಪಾತವೂ ಹಾಗೆಯೇ. ಟಾಸ್ಕ್ ಅವಧಿ ಮತ್ತು ಸಿಟಿ ಎರಡನ್ನೂ ಫೈಲ್ ಹೆಸರಿನಲ್ಲೇ ಬರೆದಿಡಿ.

ಇಂಪೋರ್ಟ್ ಆದ ಮಾತ್ರಕ್ಕೆ ಟ್ರೇಸ್ ಓಡುವುದಿಲ್ಲ, ಕಂಟ್ರೋಲರ್‌ಗೆ ಇಳಿಸಿ ಚಾಲೂ ಮಾಡಬೇಕು. ಪ್ರೋಗ್ರಾಂ ಬದಲಿಸಿ ಡೌನ್‌ಲೋಡ್ ಮಾಡಿದ ಮೇಲೂ ಮತ್ತೊಮ್ಮೆ ಇಳಿಸಿ. ನೆಟ್‌ವರ್ಕ್ ಸಿಗದ ಎಸ್ಟೇಟ್ ಆಗಿದ್ದರೆ ಎಕ್ಸ್‌ಪೋರ್ಟ್ ಫೈಲಿನ ಒಂದು ಪ್ರತಿ ಪ್ಯಾನೆಲ್ ಒಳಗಿನ ಪೆನ್‌ಡ್ರೈವ್‌ನಲ್ಲಿ ಇರಲಿ.

ಕಡೆಯದು ನಮ್ಮ ಊರಿನ ಕರೆಂಟಿನದು. ದಾಖಲಾದ ಸ್ಯಾಂಪಲ್‌ಗಳು ಇರುವುದು ರ್‍ಯಾಮ್‌ನಲ್ಲಿ. ಕುಸಿದ ವೋಲ್ಟೇಜ್ ಪೂರ್ತಿ ಹೋಗಿ ಪಿಎಲ್‌ಸಿಯೂ ಆರಿದರೆ ಸಾಕ್ಷಿ ಅಲ್ಲಿಗೇ ಮುಗಿಯಿತು. ಸೀಮೆನ್ಸ್‌ನ ಎಸ್7-1500 ಪಿಎಲ್‌ಸಿಯಲ್ಲಿ ಅಳತೆಯನ್ನು ಮೆಮೊರಿ ಕಾರ್ಡ್‌ಗೆ ಉಳಿಸುವ ಆಯ್ಕೆಯನ್ನು ಹಾಕಿಡಿ. ಉಳಿದವಕ್ಕೆ 24 ವೋಲ್ಟ್ ಡಿಸಿ ಯುಪಿಎಸ್ ಬೇಕು, ಅದರ ಬ್ಯಾಟರಿಯನ್ನು ಕೊಯ್ಲಿಗೆ ಮುಂಚೆಯೇ ಪರೀಕ್ಷಿಸಬೇಕು.